ಹತ್ತು ನಿಮಿಷದ ದನಿ

ವಾರ್ತೆಯವರಿಗೆ ಹೆಂಡತಿಯ ದನಿ ಹತ್ತು ನಿಮಿಷದಷ್ಟು ಬೇಕಾಗಿತ್ತು. ಹೆಚ್ಚೇನಲ್ಲ, ಹತ್ತೇ ನಿಮಿಷ.

ಗಂಟಲಿನ ಆಪರೇಷನ್ ಆಗಿ ಅವಳ ಮಾತು ನಿಂತು ಎರಡು ತಿಂಗಳಾಗಿತ್ತು. ಅಂಥವರಿಗೆ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಒಂದು ಯಂತ್ರದ ವಿಷಯ ಹೇಳಿದ್ದರು. ಅದರ ಮೇಲೆ ಬೆರಳಿನಿಂದ ಟೈಪ್ ಮಾಡಿದರೆ ಅದು ಓದಿ ಹೇಳುತ್ತದೆ. ಹಳೆಯ ರೆಕಾರ್ಡಿಂಗ್ ಹತ್ತು ನಿಮಿಷದಷ್ಟು ಸಿಕ್ಕರೆ ಅವಳದೇ ದನಿಯಲ್ಲಿ ಹೇಳುತ್ತದೆ.

"ನಿಮ್ಮ ಮನೇಲಿ ರೆಕಾರ್ಡಿಂಗಿಗೆ ಬರವೇ? ಹುಡುಕಿ ತನ್ನಿ," ಎಂದು ಡಾಕ್ಟರಮ್ಮ ನಕ್ಕಿದ್ದರು. ವಾರ್ತೆಯವರೂ ಗತ್ತಿನಿಂದ ನಕ್ಕಿದ್ದರು.

ಬರ ಎಲ್ಲಿಂದ ಬರಬೇಕು! ಮೂವತ್ತೊಂದು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದ ಮನುಷ್ಯ. ಅಪ್ಪ ಅಮ್ಮ ಇಟ್ಟ ಹೆಸರು ಬೀದಿಯವರಿಗೆಲ್ಲ ಮರೆತು, 'ವಾರ್ತೆಯವರು' ಎಂದೇ ಆಗಿಹೋಗಿತ್ತು. ನಿವೃತ್ತಿಯಾದ ಮೇಲೆ ಬಟ್ಟೆ ಬೀರು ಇಡುವ ಸಣ್ಣ ಕೋಣೆಯ ಗೋಡೆಗಳಿಗೆ ಕಂಬಳಿ ಹೊಡೆದು, ನಡುವೆ ಮೈಕು ನಿಲ್ಲಿಸಿಕೊಂಡು, ಸಾಕ್ಷ್ಯಚಿತ್ರಕ್ಕೆ, ಸಾಬೂನಿಗೆ, ಸಿಮೆಂಟಿಗೆ, ಕೊನೆಗೆ ಲಿಫ್ಟುಗಳಿಗೂ ದನಿ ಕೊಟ್ಟರು. ಊರಿನ ಅರ್ಧ ಲಿಫ್ಟುಗಳಲ್ಲಿ 'ಬಾಗಿಲು ಮುಚ್ಚುತ್ತಿದೆ' ಎನ್ನುವುದು ಇವರೇ. ಅಮ್ಮನ ಜೊತೆ ಮಾತಾಡಿದ್ದಕ್ಕಿಂತ ಲಿಫ್ಟಿನಲ್ಲಿ ಮಾತಾಡಿದ್ದೇ ಹೆಚ್ಚು ಎಂದು ಮಗಳು ರೇಗಿಸುತ್ತಿದ್ದಳು. ಆಗೆಲ್ಲ ಅದು ತಮಾಷೆಯಾಗಿತ್ತು.

ಹನ್ನೊಂದು ದಿನ ಹುಡುಕಿದರು. ಟೇಪು, ಸಿ.ಡಿ., ಕಂಪ್ಯೂಟರು, ಒಂದನ್ನೂ ಬಿಡಲಿಲ್ಲ.

ಈ ಕಸುಬಿನಲ್ಲಿ ಒಂದು ಕ್ರಮವಿದೆ. ಓದು ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಪಿಟಕ್ಕೆನ್ನದೆ, ಬರೀ ಕೋಣೆಯನ್ನೇ ರೆಕಾರ್ಡ್ ಮಾಡಿಕೊಳ್ಳಬೇಕು. ಓದಿನ ನಡುವೆ ಕೆಮ್ಮೋ ನಾಯಿ ಬೊಗಳಿದ್ದೋ ಬಂದರೆ ಅದನ್ನು ಕತ್ತರಿಸಿ, ಆ ಜಾಗಕ್ಕೆ ಈ ಮೌನದ ತೇಪೆ ಹಾಕುತ್ತಾರೆ. ವಾರ್ತೆಯವರದು ಇದರಲ್ಲಿ ಪಳಗಿದ ಕೈ. ಕುಕ್ಕರಿನ ಸೀಟಿ, ಪಕ್ಕದ ಮನೆಯ ಸ್ಕೂಟರು, ಬಾಗಿಲಲ್ಲಿ ಇಣುಕಿ ಏನೋ ಕೇಳುವ ಹೆಂಡತಿ, ಎಲ್ಲಕ್ಕೂ ಒಂದೇ ಕತ್ತರಿ. ಕತ್ತರಿಸಿದ್ದನ್ನು ಇಟ್ಟುಕೊಳ್ಳುತ್ತಿರಲಿಲ್ಲ; ಕಸ ಯಾರಿಗೆ ಬೇಕು? ಮೌನಗಳನ್ನು ಮಾತ್ರ ತಾರೀಖು ಹಾಕಿ ಒಪ್ಪವಾಗಿ ಜೋಡಿಸಿದ್ದರು. ಆ ಅರ್ಧ ನಿಮಿಷ ಅವಳು ಕೈಲಿದ್ದ ಕೆಲಸ ಬಿಟ್ಟು, ಉಸಿರು ಬಿಗಿಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಹೀಗಾಗಿ ಹೆಂಡತಿ ಸುಮ್ಮನಿದ್ದ ನೂರಾರು ತುಣುಕುಗಳು ಅವರ ಬಳಿ ಇದ್ದವು. ಮಾತಾಡಿದ್ದು ಒಂದೂ ಇರಲಿಲ್ಲ.

ಮಗಳಿಗೆ ಫೋನು ಮಾಡಿದರು.

"ಅಮ್ಮಂದು ವಾಯ್ಸ್ ಮೆಸೇಜ್ ಏನಾದ್ರೂ ಇದ್ಯೇನೇ?"

"ಅಮ್ಮ ಯಾವತ್ತು ಕಳಿಸಿದ್ಲಪ್ಪ? 'ಅಪ್ಪ ರೆಕಾರ್ಡಿಂಗಲ್ಲಿದ್ದಾರೆ, ಆಮೇಲೆ ಮಾತಾಡ್ತೀನಿ' ಅಂತ ಟೈಪ್ ಮಾಡ್ತಿದ್ಲು ಅಷ್ಟೆ."

"ನಿನ್ನ ಮದುವೆ ವಿಡಿಯೋ?"

"ಅದರಲ್ಲಿ ನಿಮ್ಮ ಕಾಮೆಂಟ್ರಿ ಇದೆ. ಮೊದಲಿಂದ ಕೊನೇವರೆಗೂ."

ಫೋನಿಟ್ಟು ವಾರ್ತೆಯವರು ತಲೆ ಮೇಲೆ ಕೈ ಹೊತ್ತು ಕೂತರು. ಬಿಸಿ ನೀರು, ಉಪ್ಪು, ಜೇನು ಎಂದು ತಮ್ಮ ಗಂಟಲನ್ನು ಮಗುವಿನ ಹಾಗೆ ಸಾಕಿದವರು ಅವರು. ಆಪರೇಷನ್ನಿಗೆ ಮೊದಲು ಆರು ತಿಂಗಳು ಅವಳ ದನಿ ಒಡೆಯುತ್ತಿದ್ದದ್ದು ಮಾತ್ರ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿತ್ತೋ ಏನೋ; ಕತ್ತರಿಸಿ ಎಸೆದಿದ್ದರು.

ಡಾಕ್ಟರಮ್ಮನ ಕೋಣೆಯಲ್ಲಿ ವಾರ್ತೆಯವರು ಬರಿಗೈ ತೋರಿಸಿದರು. "ಸಿಗಲಿಲ್ಲ ಡಾಕ್ಟ್ರೇ."

"ಏನೂ? ಒಂದೂ ಇಲ್ವಾ?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಡಿಲಲ್ಲಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದಳು: 'ನನಗೆ ಗೊತ್ತಿತ್ತು.' ಬಟ್ಟೆ ಚೂರಿನಿಂದ ಒರೆಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾರ್ತೆಯವರಿಗೆ ಎಷ್ಟೋ ವಾಸಿಯಿತ್ತು.

"ಹೋಗ್ಲಿ ಬಿಡಿ," ಎಂದರು ಡಾಕ್ಟರಮ್ಮ, "ಯಂತ್ರದ ಜೊತೆ ರೆಡಿ ದನಿ ಒಂದು ಬರುತ್ತೆ. ನಮ್ಮ ಭಾಷೇಲಿ ಸದ್ಯಕ್ಕೆ ಇರೋದು ಅದೊಂದೇ. ಟೈಪ್ ಮಾಡಿ ನೋಡಿ ಅಮ್ಮ."

ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

"ನಮಸ್ಕಾರ ಡಾಕ್ಟ್ರೇ, ಚೆನ್ನಾಗಿದ್ದೀರಾ?" ಎಂದಿತು ಯಂತ್ರ.

ಕಂಚಿನ ಕಂಠ. ಒಂದಕ್ಷರ ಜಾರುವುದಿಲ್ಲ. ಅದು ಯಾರದೆಂದು ವಾರ್ತೆಯವರಿಗೆ ಮೊದಲಕ್ಷರಕ್ಕೇ ತಿಳಿಯಿತು. ಆರು ವರ್ಷದ ಹಿಂದೆ ಯಾವುದೋ ಕಂಪನಿಯವರು ಕರೆದು, ಮೂರು ವಾರ ತಲೆಬುಡವಿಲ್ಲದ ವಾಕ್ಯಗಳನ್ನು ಓದಿಸಿಕೊಂಡಿದ್ದರು. ಎಲ್ಲಿಗೆ, ಯಾತಕ್ಕೆ ಎಂದು ಇವರು ಕೇಳಿರಲೂ ಇಲ್ಲ.

"ಇದು ನಿಮ್ಮದೇ ಅಲ್ವಾ ಸಾರ್?" ಡಾಕ್ಟರಮ್ಮನಿಗೆ ಖುಷಿಯೋ ಖುಷಿ. "ಎಂಥ ಯೋಗ ನೋಡಿ!"

ಹೆಂಡತಿ ಗಂಡನ ಮುಖ ನೋಡಿದಳು. ಮತ್ತೆ ಬಗ್ಗಿ ಬಹಳ ಹೊತ್ತು ಒತ್ತಿದಳು. ವಾರ್ತೆಯವರ ದನಿ ಸ್ಪಷ್ಟವಾಗಿ, ಎಲ್ಲೂ ತಡವರಿಸದೆ, ಓದಿತು:

"ನಲವತ್ತು ವರ್ಷ ಇವರನ್ನೇ ಕೇಳಿದೆ. ಇನ್ನು ನನ್ನ ಬಾಯಲ್ಲೂ ಇವರೇ ಮಾತಾಡಬೇಕಾ?"

ಡಾಕ್ಟರಮ್ಮನ ನಗು ಅಲ್ಲೇ ನಿಂತಿತು. ಏನೋ ಫೈಲು ತರಬೇಕೆಂದು ಎದ್ದು ಹೊರಗೆ ಹೋದರು.

ವಾರ್ತೆಯವರು ಬಾಯಿ ತೆರೆದರು. ಕ್ಷಮೆ ಕೇಳಬೇಕು. ಆದರೆ ಕೇಳುವುದು ಯಾವ ದನಿಯಲ್ಲಿ? ಯಂತ್ರದಿಂದ ಈಗಷ್ಟೇ ಬಂದಿತಲ್ಲ, ಅದೇ ದನಿಯಲ್ಲಿ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವರಿಗೆ ತಮ್ಮ ಕಂಠ ಬೇಡವಾಯಿತು. ಅವಳ ಮಡಿಲಿನಿಂದ ಸ್ಲೇಟು ತೆಗೆದುಕೊಂಡು ಬರೆದರು: 'ತಪ್ಪಾಯ್ತು. ನಾನು ಕೇಳಿಸಿಕೊಳ್ಳಬೇಕಿತ್ತು.'

ಅವಳು ಓದಿದಳು. ಕಣ್ಣು ತುಂಬಿ ಬಂತು. ಏನೋ ಬರೆಯಲು ಬಳಪ ಎತ್ತಿಕೊಂಡಳು. ಎಲ್ಲಿ ಬರೆಯುವುದು? ಗಂಡನ ದಪ್ಪ ದಪ್ಪ ಅಕ್ಷರಗಳು ಅಂಚಿನಿಂದ ಅಂಚಿಗೆ ಸ್ಲೇಟನ್ನೆಲ್ಲ ತುಂಬಿಕೊಂಡಿದ್ದವು. ಬಳಪ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ವಾರ್ತೆಯವರು ಅದನ್ನು ನೋಡಿದರು. ಬಟ್ಟೆ ಚೂರು ತೆಗೆದುಕೊಂಡು ತಾವು ಬರೆದದ್ದನ್ನು ತಾವೇ ಪೂರ್ತಿ ಒರೆಸಿ, ಸ್ಲೇಟನ್ನು ಅವಳ ಮುಂದೆ ಇಟ್ಟು, ಸುಮ್ಮನೆ ಕಾಯುತ್ತ ಕೂತರು.