ದೊರೆಸಾನಿಯ ಸೀಟು

ಅಜ್ಜಿಯ ಕಥೆಯಲ್ಲಿ ಒಂದು ಕುದುರೆ ಇತ್ತು. ಅದು ಹುಲ್ಲು ತಿನ್ನುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ. ಆಗಾಗ ಕಿವಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕು, ಏಳು ಬೆಟ್ಟ ದಾಟಿಸುತ್ತಿತ್ತು. ರಾಜನ ಇಬ್ಬರು ಸೊಸೆಯಂದಿರು ಆ ಕುದುರೆ ತನಗೆ ಬೇಕು, ತನಗೇ ಬೇಕು ಎಂದು ಜಡೆ ಹಿಡಿದು ಜಗಳಕ್ಕೆ ನಿಲ್ಲುವ ಹೊತ್ತಿಗೆ ಸರಿಯಾಗಿ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು. "ಆಮೇಲೆ?" ಎಂದು ಭುಜ ಅಲುಗಿಸಿದರೆ ಗೊರಕೆಯೇ ಉತ್ತರ.

ಆ ಕುದುರೆ ಬೇರೆ ಯಾವುದೂ ಅಲ್ಲ, ಹಿತ್ತಲ ಕೋಣೆಯಲ್ಲಿ ಹಳೆಯ ಹಾಸಿಗೆಗಳ ಹಿಂದೆ ಒರಗಿಕೊಂಡಿದ್ದ ಅಜ್ಜಿಯ ಸೈಕಲ್ಲು ಎಂಬುದು ನನಗೆ ಬಲುಬೇಗ ಹೊಳೆದಿತ್ತು. ಅಜ್ಜಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ದಾದಿ. ನಮ್ಮ ಬೀದಿಯ ಅರ್ಧ ಜನ ಭೂಮಿಗೆ ಬಂದದ್ದು ಅವಳು ಆ ಸೈಕಲ್ ತುಳಿದು ಹೋಗಿ ಬಾಗಿಲು ತಟ್ಟಿದ ಮೇಲೆಯೇ. ಹೆಂಗಸರ ಸೈಕಲ್ಲು, ನಡುವೆ ಅಡ್ಡ ಬಾರ್ ಇಲ್ಲ, ಹ್ಯಾಂಡಲ್ಲಿನಿಂದ ಪೆಡಲ್ಲಿನ ತನಕ ಹಂಸದ ಕತ್ತಿನ ಹಾಗೆ ಬಾಗಿ ಇಳಿದ ಕಂಬಿ. ಅಣ್ಣ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದ. ನಾನು ಚಿಕ್ಕವಳಿದ್ದಾಗಲೇ ಮಾತು ಕೊಟ್ಟಿದ್ದ.

"ನಿನ್ನ ಕಾಲು ಪೆಡಲ್ಲಿಗೆ ಎಟುಕಿದ ದಿನ ಇವಳು ನಿನ್ನವಳು ಕಣೇ ನಟ್ಟೂ. ಅಷ್ಟರಲ್ಲಿ ರಿಪೇರಿ ಮಾಡಿರ್ತೀನಿ."

ನಟ್ಟು ಎಂದರೆ ನಾನು. ಅಣ್ಣ ಲಿಫ್ಟ್ ರಿಪೇರಿಯವನು. ಪ್ರೀತಿ ಬಂದರೂ ಸಿಟ್ಟು ಬಂದರೂ ಅವನ ಬಾಯಲ್ಲಿ ಬರುವುದು ಕಬ್ಬಿಣದ ಸಾಮಾನೇ. ಕಾಲೇನೋ ಎಂದೋ ಎಟುಕಿತು. ರಿಪೇರಿ ಮಾತ್ರ ಆಗಲೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಅಣ್ಣನಿಗೆ ಹಳೆಯ ಸೈಕಲ್ಲುಗಳ ಹುಚ್ಚು ಹತ್ತಿತ್ತು. ಗುಜರಿ ಅಂಗಡಿಗಳಿಂದ ಒಂದೊಂದನ್ನೇ ಹೊತ್ತು ತಂದ. ಎತ್ತರದ್ದು ಒಂಟೆ, ದಪ್ಪ ಟೈರಿನದು ಪೈಲ್ವಾನ, ಎಲ್ಲ ಕೀಲೂ ಕಿರುಗುಟ್ಟುವುದು ತಾತಪ್ಪ. ಮನೆಯ ಮುಂದಿನ ಜಗುಲಿಯಲ್ಲಿ ಅವನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂರುತ್ತಿದ್ದ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು. ಡಬ್ಬಿಯ ತುಂಬ ಸ್ಪ್ಯಾನರು, ಚಕ್ರದ ಕಡ್ಡಿ ಬಿಗಿಯುವ ಕೀ, ಟೈರು ಎಬ್ಬಿಸುವ ಪಟ್ಟಿ. ಅಣ್ಣ ತಿರುಗಿಯೂ ನೋಡದೆ ಅಂಗೈ ಚಾಚುತ್ತಿದ್ದ. ನಾನು ಡಬ್ಬಿಯನ್ನು ನೋಡದೆಯೇ ಅವನಿಗೆ ಬೇಕಾದದ್ದನ್ನು ಇಡುತ್ತಿದ್ದೆ. ಒಮ್ಮೆಯೂ ತಪ್ಪಿದ್ದಿಲ್ಲ. ಬೇಕಾದ ಸಾಮಾನಿನ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ ನೆನಪೇ ನನಗಿಲ್ಲ.

ಆಮೇಲೆ ಅತ್ತಿಗೆ ಬಂದರು.

ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು. ಬಾಗಿಲ ಚೌಕಟ್ಟಿಗೆ ತಲೆ ತಾಗುವುದೊಂದು ಬಾಕಿ, ಅಷ್ಟು ಎತ್ತರ. ಮೆಲುದನಿ, ಚುರುಕು ಕಣ್ಣು. ಅವರಲ್ಲಿ ತಪ್ಪು ಹುಡುಕಲು ನಾನು ಪಟ್ಟ ಕಷ್ಟ ನನಗೊಬ್ಬಳಿಗೇ ಗೊತ್ತು. ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾರೆ ಎಂಬುದೊಂದೇ ಸಿಕ್ಕಿತು. ಅದೂ ಅವರಿಗೆ ಒಪ್ಪುತ್ತಿತ್ತು.

"ಜಗುಲೀಲಿ ಎಷ್ಟು ದಿನ ಅಂತ ಒದ್ದಾಡ್ತೀರಿ? ಹಿತ್ತಲ ಕೋಣೆ ಖಾಲಿ ಮಾಡಿ, ಸರಿಯಾದ್ದೊಂದು ವರ್ಕ್‌ಶಾಪೇ ಮಾಡ್ಕೊಳ್ಳಿ" ಎಂದರು ಒಂದು ದಿನ ಅಣ್ಣನಿಗೆ. ಇದೇ ಮಾತನ್ನು ನಾನು ಹೇಳಿದ್ದಾಗ ಅಣ್ಣ "ನೋಡೋಣ" ಎಂದಿದ್ದ. ಈಗ ಮಾರನೆಯ ದಿನವೇ ಹಾಸಿಗೆಗಳು ಅಂಗಳಕ್ಕೆ ಬಂದವು.

ಕೋಣೆಗೆ ಸುಣ್ಣ ಬಳಿದರು. ಮುರಿದುಹೋಗಿದ್ದ ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಕಾಲು ಜೋಡಿಸಿದರೆ ಅದೇ ಕೆಲಸದ ಮೇಜು. ಮೇಜಿನ ತುದಿಗೆ, ಸಾಮಾನನ್ನು ಅಲುಗದಂತೆ ಹಿಡಿಯುವ ಕಬ್ಬಿಣದ ವೈಸು ಕೂತಿತು. ತೊಲೆಗೆ ಕೊಕ್ಕೆ ಬಿಗಿದು ಒಂಟೆಯನ್ನೂ ಪೈಲ್ವಾನನನ್ನೂ ಬಾವಲಿಗಳ ಹಾಗೆ ನೇತುಹಾಕಿದರು. ಅಣ್ಣ ಹಳೆಯ ಪೈಪುಗಳನ್ನು ಬೆಸೆದು, ಮರದ ದವಡೆ ಇಟ್ಟು, ಸೈಕಲ್ಲನ್ನು ನೆಲದಿಂದ ಎತ್ತಿ ಕಚ್ಚಿ ಹಿಡಿಯುವ ಸ್ಟ್ಯಾಂಡೊಂದನ್ನು ಮಾಡಿದ. ತಾತಪ್ಪನನ್ನು ಅಡ್ಡ ಬಾರ್ ಹಿಡಿಸಿ ಅದರಲ್ಲಿ ಏರಿಸಿದಾಗ ನಾನೂ ನೋಡಿದೆ. ಸೊಂಟ ಹಿಡಿದು ಎತ್ತಿದ ಮಗುವಿನಂತೆ ಗಾಳಿಯಲ್ಲಿ ಚಕ್ರ ಆಡಿಸುತ್ತಿದ್ದ.

ಅದೆಲ್ಲ ಆಗಲಿ, ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಗೋಡೆಯಿಂದ. ಅತ್ತಿಗೆ ಗೋಡೆಗೊಂದು ದೊಡ್ಡ ಹಲಗೆ ಹೊಡೆಸಿದರು. ನನ್ನ ಡಬ್ಬಿಯನ್ನು ಕೇಳಿ ಪಡೆದು (ಕೇಳಿದ್ದೇನೋ ನಯವಾಗಿಯೇ) ಒಂದೊಂದೇ ಸಾಮಾನನ್ನು ಹಲಗೆಯ ಮೇಲಿಟ್ಟು, ಸುತ್ತ ಪೆನ್ಸಿಲ್ ಆಡಿಸಿ, ಆ ಗೆರೆಯೊಳಗೆ ಕಪ್ಪು ಬಣ್ಣ ತುಂಬಿದರು. ಸ್ಪ್ಯಾನರಿನ ಹಿಂದೆ ಸ್ಪ್ಯಾನರಿನದೇ ನೆರಳು, ಸುತ್ತಿಗೆಯ ಹಿಂದೆ ಸುತ್ತಿಗೆಯದು.

"ಈಗ ಯಾವ್ದು ಎಲ್ಲಿ ಅಂತ ಯಾರನ್ನೂ ಕೇಳೋ ಹಾಗಿಲ್ಲ. ಕಣ್ಣಿದ್ದವರೆಲ್ಲ ತಗೋಬಹುದು, ತಗೊಂಡಲ್ಲೇ ಇಡಬಹುದು" ಎಂದ ಅಣ್ಣ, ಹೆಂಡತಿಯನ್ನು ಮೆಚ್ಚಿ.

ಯಾರನ್ನೂ ಕೇಳೋ ಹಾಗಿಲ್ಲ! ಖಾಲಿ ಡಬ್ಬಿಯನ್ನು ಎತ್ತಿಕೊಂಡು ಹೊರಗೆ ಬಂದೆ. ಅದು ಹಗುರಾಗಿ ಡಣ್ ಎಂದಿತು.

ಅಜ್ಜಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. "ಯಾಕೇ, ಮೋರೆ ಸುಟ್ಟ ಬದನೆಕಾಯಿ ಆಗಿದೆ?"

"ಏನಿಲ್ಲ."

"ಏನಿಲ್ಲದ್ದಕ್ಕೆ ಇಷ್ಟು ಹೊಗೆ ಬರಲ್ಲ ಕಣೇ" ಎಂದು ಮುಸಿಮುಸಿ ನಕ್ಕಳು.

ನಾನು ಬೇಕರಿಯಲ್ಲಿ ಕೆಲಸಕ್ಕಿರುವವಳು. ಊರು ಕಣ್ಣುಬಿಡುವ ಮೊದಲೇ ಮನೆ ಬಿಟ್ಟರೆ ಬರುವುದು ಸಂಜೆಗೆ. ಅತ್ತಿಗೆಯ ಅಂಗಡಿ ತೆರೆಯುವುದು ತಡವಾಗಿ. ಅಣ್ಣನ ಕೆಲಸವೂ ಹಾಗೆಯೇ. ಹೀಗಾಗಿ ಬೆಳಗುಗಳೆಲ್ಲ ಅವರಿಬ್ಬರ ಪಾಲಾದವು. ಬ್ರೆಡ್ಡು ಕತ್ತರಿಸುತ್ತ ನಾನು ಆ ಕೋಣೆಯನ್ನೇ ಕಾಣುತ್ತಿದ್ದೆ: ಅಣ್ಣನ ಕೈ ಚಾಚುತ್ತದೆ, ಅದರಲ್ಲಿ ಬೇರೆ ಯಾರದೋ ಉದ್ದ ಬೆರಳು ಸ್ಪ್ಯಾನರ್ ಇಡುತ್ತದೆ. ಎಷ್ಟೋ ಗಿರಾಕಿಗಳು ಆ ವಾರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬ್ರೆಡ್ಡು ತಿಂದರು.

ಆಮೇಲೆ ಅಣ್ಣ ಕೊನೆಗೂ ದೊರೆಸಾನಿಯನ್ನು ಕೈಗೆತ್ತಿಕೊಂಡ. ಊರಿನ ಹಳೇ ಸೈಕಲ್ಲಿನವರೆಲ್ಲ ಸೇರಿ ಕೆರೆಯ ತನಕ ಸವಾರಿ ಹೋಗುವುದೆಂದು ನಿಶ್ಚಯವಾಗಿತ್ತು. ದೊರೆಸಾನಿಯೂ ಹೊರಡಬೇಕು ಎಂದ. ಯಾರು ತುಳಿಯುವುದು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ಸಂಜೆ ಕೋಣೆಗೆ ಇಣುಕಿದೆ. ದೊರೆಸಾನಿ ತನ್ನ ಹಿಂದಿನ ಸ್ಟ್ಯಾಂಡಿನ ಮೇಲೆ ನಿಂತಿದ್ದಳು. ಚೈನ್ ಕವರನ್ನು ಬಣ್ಣಕ್ಕೆಂದು ಬಿಚ್ಚಿಟ್ಟಿದ್ದರು. ಮತ್ತು ಸೀಟು! ಸೀಟನ್ನು ಮೇಲಕ್ಕೆ, ಮೇಲಕ್ಕೆ, ಇನ್ನೂ ಮೇಲಕ್ಕೆ ಎಳೆದು ಬಿಗಿದಿದ್ದರು. ನಾನು ಹತ್ತಿದರೆ ಕಾಲು ಪೆಡಲ್ಲಿಗೆ ಎಟುಕದೆ ಗಾಳಿಯಲ್ಲಿ ತೂಗಾಡೀತು. ಆ ಎತ್ತರಕ್ಕೆ ನಮ್ಮ ಮನೆಯಲ್ಲಿ ಒಬ್ಬರೇ ಹೆಂಗಸು.

ಗೋಡೆಯಿಂದ ಸ್ಪ್ಯಾನರ್ ತೆಗೆದೆ. ಬೋಲ್ಟು ಸಡಿಲಿಸಿದೆ. ಸೀಟನ್ನು ನನ್ನ ಅಳತೆಗೆ ಇಳಿಸಿ ಬಿಗಿದು, ಪೈಪಿನ ಮೇಲೆ ಆ ಜಾಗದಲ್ಲಿ ನನ್ನ ಕೆಂಪು ನೈಲ್ ಪಾಲಿಶಿನದೊಂದು ಚುಕ್ಕಿ ಇಟ್ಟೆ. ಆ ರಾತ್ರಿಯಷ್ಟು ಸಿಹಿಯಾದ ನಿದ್ದೆ ಬಹಳ ದಿನದಿಂದ ಬಂದಿರಲಿಲ್ಲ.

ಮರುದಿನ ಸಂಜೆ ನೋಡಿದರೆ ಸೀಟು ಮತ್ತೆ ಮೇಲೆ. ನಾನು ಮತ್ತೆ ಇಳಿಸಿದೆ. ಮತ್ತೆ ಮೇಲೆ. ಮತ್ತೆ ಕೆಳಗೆ. ಊಟದ ಹೊತ್ತಿಗೆ ಅಣ್ಣ ಗೊಣಗಿದ: "ಆ ಸೀಟ್ ಬೋಲ್ಟ್ ಸವೆದೋಗಿದೆ ಅಂತ ಕಾಣುತ್ತೆ. ಎಷ್ಟು ಬಿಗಿದ್ರೂ ಬೆಳಗಾಗೋದ್ರಲ್ಲಿ ಜಾರಿರುತ್ತೆ."

"ಬೇರೆ ಬೋಲ್ಟ್ ಹಾಕಿ ನೋಡ್ರೀ" ಎಂದರು ಅತ್ತಿಗೆ. ನಾನು ತಟ್ಟೆಯೊಳಗೆ ಮುಖ ಹುದುಗಿಸಿ ಅನ್ನ ಕಲಸಿದೆ.

ಬೇರೆ ಬೋಲ್ಟು ಬಂತು. ಅದೂ ಜಾರಿತು, ಪಾಪ.

ಹೀಗಿರುವಾಗ ಒಂದು ಸಂಜೆ ಹೋಗಿ ನೋಡುತ್ತೇನೆ, ಸೀಟು ಮೇಲೆ ಇಲ್ಲ. ನನ್ನ ಚುಕ್ಕಿಯಲ್ಲೂ ಇಲ್ಲ. ಚುಕ್ಕಿಯನ್ನೂ ನುಂಗಿಕೊಂಡು ಬುಡಕ್ಕೆ ಕುಕ್ಕರಿಸಿದೆ! ಗೋಡೆಯಲ್ಲಿ ಸ್ಪ್ಯಾನರು ತನ್ನ ನೆರಳಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿದೆ. ಕೆನ್ನೆಗೆ ಹೊಡೆದಂತಾಯಿತು. ಅತ್ತಿಗೆಗೆ ಎಲ್ಲ ಗೊತ್ತಾಗಿದೆ; 'ಕುಳ್ಳಿಗೆ ಇಷ್ಟು ಸಾಕು' ಎಂದು ಅಣಕಿಸುತ್ತಿದ್ದಾರೆ. ಅಜ್ಜಿಯ ಕಥೆಯ ಹಿರಿಸೊಸೆಯೂ ಹೀಗೆಯೇ, ಬಾಯಲ್ಲಿ ಬೆಲ್ಲ, ಬಗಲಲ್ಲಿ ಚೂರಿ. ಸೀಟನ್ನು ಚುಕ್ಕಿಗೆ ಏರಿಸಿ ಹಲ್ಲು ಕಚ್ಚಿ ಬಿಗಿದೆ. ಮಾರನೆಯ ಸಂಜೆ ಮತ್ತೆ ಬುಡದಲ್ಲಿ.

ಅಂದಿನಿಂದ ಅತ್ತಿಗೆಯ ಜೊತೆ ಮಾತು ಬಿಟ್ಟೆ. ಅವರು ಎರಡು ಸಲ "ಮೈ ಹುಷಾರಿಲ್ವಾ?" ಎಂದು ಕೇಳಿದರು. ಎಂಥ ನಟನೆ ಎಂದುಕೊಂಡೆ.

ಭಾನುವಾರ ನಾಲ್ವರೂ ಮನೆಯಲ್ಲಿದ್ದೆವು. ಸವಾರಿ ಮಧ್ಯಾಹ್ನಕ್ಕೆ. ಅಣ್ಣ ಬೆಳಿಗ್ಗೆಯೇ ತಗಡಿನ ತುಂಡೊಂದನ್ನು ಕತ್ತರಿಸಿಕೊಂಡು ಕೂತ. "ಇವತ್ತು ಇದಕ್ಕೊಂದು ಗತಿ ಕಾಣಿಸ್ತೀನಿ. ಪೈಪಿಗೆ ತಗಡು ಸುತ್ತಿ ಬಡಿದುಬಿಟ್ರೆ ಆ ಬ್ರಹ್ಮ ಬಂದ್ರೂ ಸೀಟ್ ಅಲುಗಲ್ಲ." ಹಾಗೆನ್ನುತ್ತ ಸೀಟನ್ನು ಪೈಪು ಸಮೇತ ಹೊರಗೆಳೆದ. ಬೆಳಕಿಗೆ ಹಿಡಿದ.

"ಇದೇನಿದು ಕೆಂಪಗೆ?"

ಅತ್ತಿಗೆ ಬಾಗಿ ನೋಡಿದರು. "ನೈಲ್ ಪಾಲಿಶ್."

ಗಾಜು ಉಜ್ಜುವವರ ಉಗುರಿಗೆ ಬಣ್ಣ ನಿಲ್ಲುವುದಿಲ್ಲ. ಇಬ್ಬರ ಕಣ್ಣೂ ನನ್ನ ಬೆರಳಿಗೆ ಬಂದವು. ಬೆನ್ನ ಹಿಂದೆ ಮುಚ್ಚಿಕೊಂಡೆ. ತಡವಾಗಿತ್ತು.

"ನಟ್ಟೂ!"

"ಹೌದು, ನಾನೇ ಇಳಿಸಿದ್ದು!" ಕಟ್ಟೆ ಒಡೆಯಿತು. "ಮಾತು ಕೊಟ್ಟಿದ್ದು ನಂಗೆ, ಸೀಟ್ ಏರಿಸೋದು ಅತ್ತಿಗೆ ಅಳತೆಗಾ? ಡಬ್ಬಿ ಹೋಯ್ತು, ಜಗುಲಿ ಹೋಯ್ತು, ಈಗ ಇವಳೂ ಹೋದ್ಲು. ನಾನು ಇಳಿಸಿದ್ದು ಚುಕ್ಕಿ ತನಕ ಮಾತ್ರ. ಅದಕ್ಕಿಂತ ಕೆಳಗೆ ಇಳಿಸಿ ನನ್ನನ್ನ ಅಣಕಿಸಿದ್ದು ಅತ್ತಿಗೆ!"

ಅಣ್ಣ ಹಣೆ ಚಚ್ಚಿಕೊಂಡ. "ಅಯ್ಯೋ ಪೆದ್ದೀ! ಅಳತೆಗೆ ಯಾರೇ ಏರಿಸಿದ್ದು? ತಾತಪ್ಪನಿಗೆ ಅಡ್ಡ ಬಾರ್ ಇದೆ, ಸ್ಟ್ಯಾಂಡ್ ಅದನ್ನ ಹಿಡಿಯುತ್ತೆ. ಇವಳಿಗೆ ಎಲ್ಲಿದೆ ಬಾರ್? ಸೀಟಿನ ಪೈಪನ್ನೇ ಮೇಲಕ್ಕೆಳೆದು ಅದನ್ನ ಹಿಡಿಸಬೇಕು. ಬೆಳಿಗ್ಗೆ ಹಿಡಿಸ್ತೀನಿ, ಕೆಲಸ ಮುಗಿದ ಮೇಲೆ ಸೈಕಲ್ಲನ್ನ ಕೆಳಗಿಳಿಸಿ ನಿಲ್ಲಿಸ್ತೀನಿ, ಸೀಟ್ ಹಾಗೇ ಮೇಲಿರುತ್ತೆ. ಜಗುಲೀಲಿ ತಲೆಕೆಳಗೆ ಮಾಡ್ತಿದ್ವಲ್ಲ, ಅದಕ್ಕೇ ನಿಂಗೆ ಗೊತ್ತಿಲ್ಲ. ಒಂದು ಮಾತು ಕೇಳಬಾರದಾಗಿತ್ತಾ?"

ಅತ್ತಿಗೆ ಮೆಲ್ಲಗೆ ಅಂದರು: "ನಂಗೆ ಸೈಕಲ್ ತುಳಿಯೋಕೇ ಬರಲ್ಲ ಕಣೇ."

ನಾನು ಅವರನ್ನೇ ನೋಡಿದೆ.

"ಚಿಕ್ಕೋಳಿದ್ದಾಗ ಕಲಿಸೋರು ಯಾರೂ ಇರಲಿಲ್ಲ. ನೀವಿಬ್ರೂ ಸೈಕಲ್ ವಿಷ್ಯ ಮಾತಾಡೋಕೆ ಕೂತ್ರೆ ನಾನು ಹೊರಗಿನೋಳ ಹಾಗೆ ನಿಲ್ಬೇಕಿತ್ತು. ಅದಕ್ಕೇ ಆ ಗೋಡೆ ಹಲಗೆ ಗಿಲಗೆ ಎಲ್ಲ. ಇವರು ಕೈ ಚಾಚಿದ್ರೆ ಏನು ಕೊಡಬೇಕೋ ನಂಗೆ ಇವತ್ತಿಗೂ ಗೊತ್ತಾಗಲ್ಲ. ನಿಂಗೆ ಅದು ಹೇಗೆ ಗೊತ್ತಾಗುತ್ತೆ ಅಂತ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ?"

ನನ್ನ ಮೇಲೂ ಯಾರಾದರೂ ಹೊಟ್ಟೆ ಉರಿದುಕೊಳ್ಳಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ, ಸುಳ್ಳೇಕೆ, ಸಣ್ಣದೊಂದು ಖುಷಿಯೂ ಆಯಿತು.

"ಹಾಗಾದ್ರೆ ಬುಡಕ್ಕೆ ಇಳಿಸಿದ್ದು ಯಾರು?" ಎಂದ ಅಣ್ಣ.

ಬಾಗಿಲ ಬಳಿ ಅಜ್ಜಿಯ ಕುರ್ಚಿ ಕಿರುಗುಟ್ಟಿತು. ಅಜ್ಜಿ ಎದ್ದು ಒಳಗೆ ಹೊರಟಿದ್ದಳು. ಅದೂ ತುಂಬ ಅವಸರದಲ್ಲಿ.

"ಅಜ್ಜೀ" ಎಂದರು ಅತ್ತಿಗೆ, "ನಿಮ್ಮ ನಿಲುವಂಗಿ ಅಂಚು ಬಲಗಡೆ ಮಾತ್ರ ಯಾಕೆ ಕಪ್ಪಾಗಿದೆ?"

ಚೈನಿನ ಎಣ್ಣೆ! ಕವರ್ ಇಲ್ಲದ ಸೈಕಲ್ ತುಳಿದವರ ಬಲಗಾಲಿಗೆ ತಪ್ಪದೆ ಬೀಳುವ ಮುದ್ರೆ. ಇಷ್ಟು ವರ್ಷ ಸೈಕಲ್ಲುಗಳ ನಡುವೆ ಕಳೆದ ನನ್ನ ಕಣ್ಣಿಗೆ ಬೀಳಲಿಲ್ಲ, ನಿನ್ನೆ ಮೊನ್ನೆ ಬಂದ ಅತ್ತಿಗೆಯ ಕಣ್ಣಿಗೆ ಬಿತ್ತು. ಅಷ್ಟರಲ್ಲೇ ಮತ್ತೊಂದು ಕಿಡಿ ಎದ್ದಿತು ಹೊಟ್ಟೆಯಲ್ಲಿ.

ಅಜ್ಜಿ ತಿರುಗಿದಳು. "ಕಳ್ಳನ್ನ ಹಿಡಿದ ಹಾಗೆ ಏನ್ ನೋಡ್ತೀರಿ? ಮಧ್ಯಾಹ್ನ ನೀವೆಲ್ಲ ಹೋದ ಮೇಲೆ ಮನೆ ಬಿಕೋ ಅನ್ನುತ್ತೆ. ಗೋಡೆ ನೋಡಿದೆ, ಸ್ಪ್ಯಾನರ್ ಇಲ್ಲಿ ಅಂತ ಚಿತ್ರವೇ ಬರೆದಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ. ಬೋಲ್ಟ್ ಬಿಚ್ಚಿದೆ, ಸೀಟ್ ತಾನಾಗೇ ಕೆಳಗೆ ಬಂತು. ಸ್ಟ್ಯಾಂಡ್ ಮೇಲೆ ನಿಂತಿದ್ದೋಳನ್ನ ಹತ್ತಿ ಒಂದಿಷ್ಟು ದೂರ ಹೋಗಿ ಬಂದೆ, ಅಷ್ಟೇ."

"ಸ್ಟ್ಯಾಂಡ್ ಮೇಲಿದ್ದಾಗ ಎಲ್ಲಿಗೆ ಹೋಗ್ತೀಯಜ್ಜಿ? ಹಿಂದಿನ ಚಕ್ರ ಗಾಳೀಲಿ ತಿರುಗುತ್ತೆ" ಎಂದ ಅಣ್ಣ.

"ಹೋಗಬೇಕಾದ ಕಡೆಗೆಲ್ಲ ಹೋದೆ" ಎಂದಳು ಅಜ್ಜಿ. "ದೊರೆಸಾನಿ ಯಾರಿಗೆ ಅಂತ ಇವನ ಜೊತೆ ಇವಳು ಜಗಳ ಆಡ್ತಾಳೆ. ಕೊಡೋಕೆ ಅವನ್ಯಾರು? ನನ್ನನ್ನ ಒಬ್ರಾದ್ರೂ ಕೇಳಿದ್ರೇನ್ರೇ?"

ಯಾರೂ ಕೇಳಿರಲಿಲ್ಲ. ಅಣ್ಣ ತಗಡನ್ನು ಕೆಳಗಿಟ್ಟ. ಪೈಪನ್ನು ಮತ್ತೆ ತೂರಿಸಿ, ನನ್ನ ಚುಕ್ಕಿ ಒಳಗೆ ಮುಳುಗುವ ತನಕ ಇಳಿಸಿದ. ಆಮೇಲೆ ತಿರುಗಿಯೂ ನೋಡದೆ ಅಂಗೈ ಚಾಚಿದ.

ಅತ್ತಿಗೆ ಗೋಡೆಯ ಕಡೆ ನೋಡಿದರು. ಅವರ ಕಣ್ಣು ನೆರಳುಗಳ ಮೇಲೆ ಓಡಾಡುವಷ್ಟರಲ್ಲಿ ನಾನು ಸ್ಪ್ಯಾನರನ್ನು ಅಣ್ಣನ ಕೈಯಲ್ಲಿಟ್ಟಾಗಿತ್ತು. ಏಳು ಬೆಟ್ಟ ದಾಟಿದಂತಾಯಿತು.

"ಇನ್ಮೇಲೆ ಸೀಟು ಇಷ್ಟೇ" ಎಂದಳು ಅಜ್ಜಿ. "ಯಾರಿಗೆ ಬೇಕೋ ಮಂಡಿ ಮಡಚಿ ತುಳೀರಿ."

ಮಧ್ಯಾಹ್ನ ದೊರೆಸಾನಿಯನ್ನು ತುಳಿದದ್ದು ನಾನೇ. ಮಂಡಿ ಕಿವಿಗೆ ತಾಗುತ್ತಿತ್ತು, ಪಕ್ಕದಲ್ಲಿ ಒಂಟೆಯ ಮೇಲೆ ಅಣ್ಣ, "ಕಪ್ಪೆ ಸವಾರಿ ಹೊರಟಿತು, ದಾರಿ ಬಿಡಿ!" ಎಂದು ಕೂಗುತ್ತಿದ್ದ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಜಗುಲಿಯಲ್ಲಿ ಅಜ್ಜಿ, ಅವಳ ಪಕ್ಕ ಅತ್ತಿಗೆ. ಅಜ್ಜಿ ಅವರ ಕಿವಿಗೆ ಬಾಗಿ ಏನೋ ಹೇಳುತ್ತಿದ್ದಳು. ಕೈಗಳ ಆಟದಿಂದಲೇ ಗೊತ್ತಾಯಿತು, ಕಥೆ. ಹ್ಯಾಂಡಲ್ ಓಲಾಡಿತು.

ವಾಪಸು ಬಂದು ದೊರೆಸಾನಿಯನ್ನು ಹಿತ್ತಲ ಕೋಣೆಯಲ್ಲಿ ನಿಲ್ಲಿಸಿದವಳೇ ಅತ್ತಿಗೆಯನ್ನು ಹಿಡಿದೆ. "ಏನ್ ಹೇಳಿದ್ಲು ಅಜ್ಜಿ?"

"ಯಾವ್ದೋ ಹುಲ್ಲು ತಿನ್ನದ ಕುದುರೆ ಕಥೆ."

"ಎಲ್ಲಿ ತನಕ?"

"ಕೊನೆ ತನಕ."

ಇಷ್ಟು ವರ್ಷ ನನ್ನ ಪಕ್ಕ ಗೊರಕೆ ಹೊಡೆದವಳು ಇವರಿಗಾಗಿ ಎಚ್ಚರ ಇದ್ದಳೇ! "ಕುದುರೆ ಯಾವ ಸೊಸೆಗೆ ಸಿಕ್ತು?"

ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. "ಯಾರಿಗೂ ಇಲ್ಲ. ಅವರಿಬ್ರೂ ಜಡೆ ಹಿಡ್ಕೊಂಡು ಜಗಳ ಆಡ್ತಿದ್ರಂತೆ. ಅಷ್ಟರಲ್ಲಿ ಕುದುರೆಯ ಒಡತೀನೇ ಅದನ್ನ ಹತ್ಕೊಂಡು ಹೊರಟೇ ಹೋದ್ಲಂತೆ. ಅವಳು ಇನ್ನೂ ಸತ್ತಿರಲಿಲ್ಲವಂತೆ."

ಹಿತ್ತಲ ಕೋಣೆಯಿಂದ ಚಕ್ರ ತಿರುಗುವ ಸದ್ದು ಕೇಳಿಸುತ್ತಿತ್ತು, ಗಿರ್ರನೆ, ಒಂದೇ ಸಮ.