ಕಾರ್ಪೆಟ್ಟಿನ ಬೆನ್ನು

ಮೇಲೆ ಯಾರೋ ನಡೆಯುತ್ತಿದ್ದಾರೆ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಲೋಟ ಒರೆಸುತ್ತಿದ್ದ ಕೈ ನಿಂತಿತು. ನಡುಮನೆಯಲ್ಲಿ ಗಂಡ ಶವಪೆಟ್ಟಿಗೆಯೊಳಗೆ ಮಲಗಿದ್ದ. ಬಂದವರು ಸುತ್ತ ಕೂತು ಪಿಸುಗುಡುತ್ತಿದ್ದರು. ಇಂಥ ದಿನವೂ ಅದೇ ಹಳೆಯ ಮಾತೆತ್ತಿದರೆ ಜನ ಏನಂದಾರು?

ಅಡುಗೆಮನೆಯ ನೆತ್ತಿಯ ಮೇಲೆ ಮರದ ಹಲಗೆಗಳು ಮತ್ತೆ ನರಳಿದವು. ನಾದಿನಿ ತಲೆಯೆತ್ತಿದಳು.

"ಅಣ್ಣನ ಅಂಗಡಿಯ ಈ ಸುರುಳಿ ಇನ್ನೊಂದು ಹೆಜ್ಜೆ ಇಟ್ಟರೆ ಸೂರು ನಮ್ಮ ತಲೆ ಮೇಲೇ ಬೀಳುತ್ತೆ. ಕುರ್ಚಿ ಸಾಲಲಿಲ್ಲ ಅತ್ತಿಗೆ, ಮಗುವಿನ ಕೋಣೆಯಿಂದ ತಗೊಂಡು ಬಾ ಅಂತ ನಾನೇ ಅವನನ್ನ ಕಳಿಸಿದೆ."

"ನಿನಗೂ ಕೇಳಿಸ್ತಾ?"

"ಕಿವುಡೀನಾ ನಾನು?"

ಅವಳು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

* * *

ಪುಟ್ಟ ಮಗಳು ತೀರಿಹೋದ ಮೇಲೆ ಅದು ಶುರುವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಪುಟ್ಟ ಹೆಜ್ಜೆಗಳು ಕಿಟಕಿಯಿಂದ ಬಾಗಿಲಿಗೆ ಓಡಿ ಬಂದು ಅಲ್ಲೇ ನಿಂತುಬಿಡುತ್ತಿದ್ದವು. ಬಾಗಿಲಿನಿಂದ ಈಚೆಗೆ ಎಂದೂ ಬರಲಿಲ್ಲ.

"ನನ್ನ ಕೈಲಾಗಲ್ಲ," ಎಂದು ಗಂಡನೆದುರು ಅತ್ತಿದ್ದಳು. "ಕೇಳಿಸದ ಹಾಗೆ ಏನಾದರೂ ಹಾಸಿಬಿಡಿ."

ಕಾರ್ಪೆಟ್ ಮಾರುವುದು, ಹಾಸುವುದು ಅವನ ಕಸುಬು. ಅಂಗಡಿಗೆ ಬಂದವರು ಮೇಲಿನ ಮೆತ್ತನೆಯ ನೂಲನ್ನು ಸವರಿ ಮರುಳಾಗುತ್ತಿದ್ದರೆ, ಅವನು ಮೂಲೆಯನ್ನು ಮಗುಚಿ ತೋರಿಸುತ್ತಿದ್ದ. "ಮುಖ ಆಮೇಲೆ ನೋಡುವಿರಂತೆ, ಮೊದಲು ಬೆನ್ನು ನೋಡಿ ತಾಯಿ. ನೆಲ ತೇವ ಇದ್ದರೆ ಸೆಣಬಿನ ಬೆನ್ನು ಬೇಡ, ಕೊಳೆಯುತ್ತೆ. ಮಹಡಿಗಾದರೆ ದಪ್ಪ ರಬ್ಬರಿನದೇ ಇರಲಿ. ಮೇಲೆ ಆನೆ ನಡೆದರೂ ಕೆಳಗಿನವರ ನಿದ್ದೆ ಕೆಡಲ್ಲ."

ಅವಳಿಗೂ ರಬ್ಬರಿನದನ್ನೇ ಹಾಸಿದೆ ಎಂದ. ಆದರೂ ಹೆಜ್ಜೆಗಳು ಬಂದವು. "ಅಷ್ಟು ದಪ್ಪ ಹಾಸಿದೀನಲ್ಲೇ, ಹೇಗೆ ಕೇಳಿಸುತ್ತೆ? ನಿನ್ನ ಭ್ರಮೆ," ಎನ್ನುತ್ತಾ ಅಡುಗೆಮನೆಯ ಮೇಜಿನ ಬಳಿ ಕೂತು ಚಹಾ ಆರಿಸಿಕೊಳ್ಳುತ್ತಿದ್ದ. ಕೇಳಿಸಿದ್ದು ಕಿವಿಗಲ್ಲ, ಕೆಟ್ಟ ತಲೆಗೆ ಎಂದು ಅವಳು ನಂಬಿದಳು. ಹೇಳುವುದನ್ನೇ ಬಿಟ್ಟಳು. ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಗುಡಿಸುವುದು ಅವನ ಪಾಲಿಗೆ, ಅದೂ ಅವಳು ಮನೆಯಲ್ಲಿಲ್ಲದಾಗ.

* * *

ಸುರುಳಿ ಅಂಗಡಿಯಲ್ಲಿ ಗಂಡನ ಜತೆಗಾರ. ಹೆಗಲ ಮೇಲೆ ಸುರುಳಿ ಹೊತ್ತು ಹೊತ್ತು, ತಾನೂ ಹಾಗೇ ಗುಂಡಗಾಗಿ ಆ ಹೆಸರು ಪಡೆದವನು. ಅವಳು ಮೆಟ್ಟಿಲೇರಿ ಬಂದದ್ದನ್ನು ನೋಡಿ ಕುರ್ಚಿ ಕೆಳಗಿಟ್ಟ.

"ಇದರ ಮೂಲೆ ಎತ್ತು."

"ಈಗ್ಯಾಕೆ ಅತ್ತಿಗೆ..."

"ಎತ್ತು ಅಂದೆ."

ಅವನು ಮಂಡಿಯೂರಿ ಗೋಡೆಯಂಚಿನಿಂದ ಕಾರ್ಪೆಟ್ಟನ್ನು ಕಿತ್ತು ಮಗುಚಿದ. ರಬ್ಬರಿರಲಿಲ್ಲ. ಗೋಣಿಚೀಲದಂಥ ತೆಳ್ಳನೆಯ ಸೆಣಬಿನ ನೇಯ್ಗೆ, ಅದರಡಿ ಬರೀ ಹಲಗೆ.

ಸುರುಳಿ ತಲೆ ಎತ್ತಲಿಲ್ಲ. "ರಬ್ಬರಿಂದು ಬಾಗಿಲ ತನಕ ಹೊತ್ತು ತಂದಿದ್ದೆ. ಅಣ್ಣ ವಾಪಸ್ ಕಳಿಸಿದ್ರು. ಬಣ್ಣ ಒಂದೇ, ಅವಳಿಗೆ ಗೊತ್ತಾಗಲ್ಲ ಅಂದ್ರು."

"ಯಾಕಂತೆ?"

"ಅವಳು ಅಮ್ಮ, ಅವಳಿಗೆ ಕೇಳಿಸುತ್ತೆ. ನನಗೂ ಒಂದಿನ ಕೇಳಿಸಬಹುದು. ಇದ್ದದ್ದೊಂದು ದಾರೀನೂ ಮುಚ್ಚಿಬಿಟ್ಟರೆ ಹೇಗೋ, ಅಂದ್ರು."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. "ನನ್ನನ್ನ ಹುಚ್ಚಿ ಮಾಡಿಬಿಟ್ಟರಲ್ಲೋ," ಎಂದಳು. ದನಿ ಏರಲಿಲ್ಲ. ಆಮೇಲೆ ಕೇಳಿದಳು, "ಕೇಳಿಸ್ತಾ ಅವರಿಗೆ? ಕಡೆಗಾದರೂ?"

"ಅದನ್ನ ಕೇಳೋ ಧೈರ್ಯ ನನಗೆ ಬರಲಿಲ್ಲ ಅತ್ತಿಗೆ. ಬೇಕಿದ್ದರೆ ನಾಳೇನೇ ದಪ್ಪಂದು ತಂದು ಹಾಸ್ತೀನಿ."

ಅವಳು ಬೇಡವೆಂದು ತಲೆಯಾಡಿಸಿ ಇಳಿದುಹೋದಳು.

ಸಂಜೆ ಗಾಡಿ ಬಂತು. ನಾಲ್ವರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲತ್ತ ತಿರುಗಿದಾಗ ಅವಳು ಅಡ್ಡ ನಿಂತಳು.

"ಅಡುಗೆಮನೆಗೆ ತನ್ನಿ."

"ಅತ್ತಿಗೆ, ಕತ್ತಲಾಗ್ತಾ ಬಂತು," ಎಂದಳು ನಾದಿನಿ. "ಗಾಡಿಯವನು ಗೊಣಗ್ತಿದ್ದಾನೆ."

"ಗೊಣಗಲಿ. ಕತ್ತಲಾಗೋ ಹೊತ್ತೇ ಬೇಕು ನನಗೆ."

ಹೊತ್ತವರು ಮುಖಮುಖ ನೋಡಿಕೊಂಡರು. ಸುರುಳಿ ಮುಂದಾಗಿ ಮೇಜನ್ನು ಗೋಡೆಗೆ ಸರಿಸಿದ. ಗಂಡ ಚಹಾ ಕುಡಿಯುತ್ತ ಕೂರುತ್ತಿದ್ದ ಜಾಗದಲ್ಲಿ ಪೆಟ್ಟಿಗೆ ಇಳಿಸಿದರು. ಅವಳು ಮುಚ್ಚಳ ಸರಿಸಿ, ಗಂಡನ ಕಿವಿಯ ಮೇಲೆ ಬಿದ್ದಿದ್ದ ನರೆಗೂದಲನ್ನು ಹಿಂದಕ್ಕೆ ಸವರಿದಳು. ಮೂಲೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಹೋಗಿ ಅದರ ವಯರು ಕಿತ್ತಳು.

ಮನೆ ಒಮ್ಮೆಲೇ ಸ್ತಬ್ಧವಾಯಿತು. ಯಾರೂ ದೀಪ ಹಾಕಲಿಲ್ಲ. ವಯರು ಕೈಯಲ್ಲಿ ಹಿಡಿದೇ ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತಳು. ಮೊದಲು ಸುರುಳಿ, ಆಮೇಲೆ ನಾದಿನಿ, ಆಮೇಲೆ ಹೊರಲು ಬಂದವರು, ಕಡೆಗೆ ಬಾಗಿಲಲ್ಲಿ ಇಣುಕಿದ ಗಾಡಿಯವನೂ, ಒಬ್ಬೊಬ್ಬರಾಗಿ ಉಸಿರು ಬಿಗಿಹಿಡಿದು ಸೂರಿನತ್ತ ಮುಖ ಎತ್ತಿದರು.