ಎರಡು ಡಿಸ್ಕಿನ ಪೆಟ್ಟಿಗೆ

ಲಿಫ್ಟ್ ಮೆಕ್ಯಾನಿಕ್ ಯಾವುದನ್ನೂ ಒಂದೇ ಹಗ್ಗಕ್ಕೆ ನೇತುಹಾಕುವ ಮನುಷ್ಯನಲ್ಲ. ಇಪ್ಪತ್ತು ವರ್ಷ ಗ್ರೀಸು ಮೆತ್ತಿದ ಕೈಯಲ್ಲಿ ಉಕ್ಕಿನ ಹಗ್ಗದ ಎಳೆ ಎಳೆಯನ್ನೂ ಮುಟ್ಟಿ ನೋಡಿದವನು. ಮನೆಯ ಬೀಗಕ್ಕೂ ಅವನು ಮೂರು ಕೀಲಿಕೈ ಮಾಡಿಸಿಟ್ಟಿದ್ದ.

ಹೆಂಡತಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರು. ಮೂರು ತಿಂಗಳಾದರೂ ಬಿಡದ ಗೊಗ್ಗರು ದನಿ ತೋರಿಸಲು ಹೋದಾಗ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. "ಧ್ವನಿಪೆಟ್ಟಿಗೆ ತೆಗೀಲೇಬೇಕು. ಜೀವ ಉಳಿಯುತ್ತೆ, ಮಾತು ಉಳಿಯಲ್ಲ." ಆಪರೇಷನ್ನಿಗೆ ಐದು ವಾರವಿತ್ತು.

ಅಂದಿನಿಂದ ಅವಳು ದಿನವೂ ಬೆಳಿಗ್ಗೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದರೆದುರು ಕೂತು ಮಾತಾಡತೊಡಗಿದಳು. ಆರು ವರ್ಷದ ಮಗಳಿಗೆ ಕಥೆ, ಮಗ್ಗಿ, ಬೈಗುಳ. ಮಗಳಿಗೆ ಹನ್ನೆರಡಾದಾಗ ಕೇಳಬೇಕಾದದ್ದು, ಹದಿನೆಂಟಾದಾಗ ಕೇಳಬೇಕಾದದ್ದು. ಕೆಮ್ಮು ಬಂದರೆ ನೀರು ಕುಡಿದು ಮತ್ತೆ ಶುರು.

"ಮಾತು ಆಡಿದರೆ ಹೋಯ್ತು ಅಂತಾರೆ. ನಂದು ಆಡದಿದ್ರೆ ಹೋಗುತ್ತೆ" ಎಂದು ಒಂದು ದಿನ ನಕ್ಕಳು. ಗಂಡನಿಗೆ ನಗು ಬರಲಿಲ್ಲ.

ಫೋನು ಎರಡು ದಿನಕ್ಕೊಮ್ಮೆ ತುಂಬುತ್ತಿತ್ತು. ಮಗಳು ಹುಟ್ಟಿದಂದಿನಿಂದ ತೆಗೆದ ವಿಡಿಯೊಗಳೂ ಸೇರಿದರೆ ಎರಡು ಟೆರಾಬೈಟಿಗೆ ಹತ್ತಿರ. ಎಲ್ಲಿಡುವುದು? ಅವನು ಅಂಗಡಿ ಅಂಗಡಿ ಅಲೆದು ಕೊನೆಗೊಂದು ಪೆಟ್ಟಿಗೆ ತಂದ. ಅದರಲ್ಲಿ ಡಿಸ್ಕ್ ಕೂರಿಸಲು ಅಕ್ಕಪಕ್ಕ ಎರಡು ಗೂಡು. ಎಡಗಡೆಯ ಡಿಸ್ಕಿಗೆ ತುಂಬಿ ಗುಂಡಿ ಒತ್ತಿದರೆ ಇದ್ದಬದ್ದದ್ದೆಲ್ಲ ಬಲಗಡೆಯದಕ್ಕೆ ನಕಲಾಗುತ್ತಿತ್ತು. ಆಮೇಲೆ ಫೋನು ಖಾಲಿ ಮಾಡುತ್ತಿದ್ದ.

ಹೆಂಡತಿಯ ತಮ್ಮ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಭಾವ, ಎರಡೂ ಒಂದೇ ಕಡೆ ಇದ್ರೆ ಎರಡಿದ್ದೂ ಒಂದೇ. ಒಂದು ಸಲ ಕೈತಪ್ಪಿದ್ರೆ ಎರಡೂ ಹೋಗುತ್ತೆ. ನೆಟ್ಟಲ್ಲಿ ಇಡೋಣ ಅಂದ್ರೆ ನಿಮ್ಮನೆ ಲೈನಲ್ಲಿ ಅಷ್ಟನ್ನೂ ಏರಿಸೋಕೆ ನಾಲ್ಕು ತಿಂಗಳು ಬೇಕು. ಇನ್ನೊಂದು ಡಿಸ್ಕಿಗೆ ಹಾಕ್ಕೊಡಿ, ನಮ್ಮನೆ ಬೀರುವಲ್ಲಿ ಬಿದ್ದಿರ್ಲಿ."

"ಎರಡು ಇದೆಯಲ್ಲ ಮಾರಾಯ, ಸಾಕು."

ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಆ ವಿಡಿಯೊಗಳಲ್ಲಿ ಹೆಂಡತಿ ಅತ್ತಿದ್ದಳು, ಮನೆಯೊಳಗಿನ ಮಾತು ಆಡಿದ್ದಳು. ಅದು ಇನ್ನೊಬ್ಬರ ಬೀರುವಿನಲ್ಲಿರುವುದು, ಅವಳ ತಮ್ಮನೇ ಆಗಿರಲಿ, ಅವನಿಗೆ ಹಿಡಿಸಲಿಲ್ಲ. ಭಾವಮೈದುನ ಮತ್ತೆ ಒತ್ತಾಯಿಸಲಿಲ್ಲ.

ಆಪರೇಷನ್ ಆಯಿತು. ಅವಳ ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. "ರೀ" ಎಂದು ಮೂರು ಕೋಣೆಗೂ ಕೇಳುವ ಹಾಗೆ ಕೂಗುತ್ತಿದ್ದವಳು ಚಪ್ಪಾಳೆ ತಟ್ಟಿ ಕರೆಯತೊಡಗಿದಳು. ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಸಂಜೆಯಾದರೆ ಮಗಳು ಟಿವಿಯಲ್ಲಿ ಒಂದು ಕಥೆ ಹಾಕಿಸಿಕೊಂಡು, ಪಕ್ಕದಲ್ಲಿ ಸುಮ್ಮನೆ ಕೂತ ಅಮ್ಮನಿಗೆ ಒರಗಿ ಅಮ್ಮನ ಕಥೆ ಕೇಳುತ್ತಿತ್ತು.

ಆಪರೇಷನ್ನಾದ ಐದನೆಯ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಡಗಡೆಯ ಡಿಸ್ಕು ಟಕ್ ಟಕ್ ಎನ್ನತೊಡಗಿತು. ಕೆಂಪು ದೀಪ ಹತ್ತಿತು. ಮೆಕ್ಯಾನಿಕ್ ಗಾಬರಿಯಾಗಲಿಲ್ಲ. ಇದಕ್ಕೆಂದೇ ಅಲ್ಲವೇ ಎರಡು? ಹೊಸ ಡಿಸ್ಕು ತಂದು ಕೆಟ್ಟದ್ದನ್ನು ತೆಗೆದ ಜಾಗದಲ್ಲೇ ಕೂರಿಸಿ, ಯಾವಾಗಲೂ ಒತ್ತುವಂತೆ ಗುಂಡಿ ಒತ್ತಿದ. ಹಸಿರು ದೀಪಗಳು ಒಂದೊಂದಾಗಿ ಹತ್ತಿಕೊಂಡು ಮಧ್ಯಾಹ್ನ ಮೂರರ ಹೊತ್ತಿಗೆ ಕೆಲಸ ಮುಗಿಯಿತು. ಟಿವಿಗೆ ಜೋಡಿಸಿದರೆ ಏನೂ ಇರಲಿಲ್ಲ. ಬಲಗಡೆಯದನ್ನು ಬೇರೆಯಾಗಿ ಜೋಡಿಸಿದ. ಅದರಲ್ಲೂ ಇಲ್ಲ.

ಪೆಟ್ಟಿಗೆ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಎಡದ್ದನ್ನು ಬಲಕ್ಕೆ ನಕಲು ಮಾಡಿತ್ತು. ಎಡದಲ್ಲಿದ್ದದ್ದು ಬರಿ ಖಾಲಿ; ಬಲದಲ್ಲಿದ್ದದ್ದನ್ನೆಲ್ಲ ಒರೆಸಿ ಆ ಖಾಲಿಯನ್ನೇ ತುಂಬಿತ್ತು.

ಮಗಳಿಗೆ ಪೆಟ್ಟಿಗೆ ರಿಪೇರಿಗೆ ಹೋಗಿದೆ ಎಂದ. ಹೆಂಡತಿಗೂ ಅದನ್ನೇ ಹೇಳಿದ. ಕೆಟ್ಟದ್ದು, ಬಲಗಡೆಯದು, ಎರಡು ಡಿಸ್ಕನ್ನೂ ಅಳಿಸಿಹೋದ ಡೇಟಾ ತೆಗೆದುಕೊಡುವವನ ಬಳಿ ಒಯ್ದ. ಅವನು ವಾರ ಇಟ್ಟುಕೊಂಡು ಹಿಂದಿರುಗಿಸಿದ.

"ಕೆಟ್ಟಿದ್ದರ ಒಳಗಿನ ತಟ್ಟೆ ಪೂರ್ತಿ ಗೀರಿ ಹೋಗಿದೆ. ಇನ್ನೊಂದು ಕೆಟ್ಟೇ ಇಲ್ಲ, ಚೆನ್ನಾಗಿದೆ. ಆದ್ರೆ ಮೊದಲಿಂದ ಕೊನೇವರೆಗೂ ಒರೆಸಿದೆ. ಯಾರು ಮಾಡಿದ್ರು ಇದನ್ನ?"

"ನಾನೇ" ಎಂದ ಮೆಕ್ಯಾನಿಕ್.

ಅವನು ಸುಮ್ಮನೆ ಕೂರಲಿಲ್ಲ. ಹೆಂಡತಿಯ ಶಾಲೆಗೆ ಹೋಗಿ ಟೀಚರುಗಳನ್ನು ಒಬ್ಬೊಬ್ಬರಾಗಿ ಕೇಳಿದ. "ನಿಮ್ಮ ಫೋನಲ್ಲಿ ಅವಳು ಮಾತಾಡಿದ್ದು ಏನಾದ್ರೂ ಇದೆಯಾ?" ಭಾವಮೈದುನನಿಗೂ ಹೇಳಿದ. "ನಾನು ಅವತ್ತೇ ಹೇಳಿದ್ದೆ" ಎನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ತನ್ನ ಫೋನಿನಲ್ಲಿದ್ದದ್ದನ್ನು ಹುಡುಕಿ ಕೊಟ್ಟ. ಎಲ್ಲ ಸೇರಿ ಹತ್ತೊಂಬತ್ತು ನಿಮಿಷವಾಯಿತು. ಹಾಜರಿ ಕರೆಯುವ ದನಿ, ಬಸ್ಸು ತಡ ಎಂಬ ಸುದ್ದಿ, ಯಾರದೋ ಮಗುವಿಗೆ ಜ್ವರ ಎಂಬ ಮಾತು. ಒಂದೇ ಒಂದು ಕಥೆ ಇರಲಿಲ್ಲ.

ಗುಟ್ಟು ನಿಲ್ಲಲಿಲ್ಲ. ಟೀಚರೊಬ್ಬರು ಅವಳನ್ನು ನೋಡಲು ಬಂದವರು, "ನಿಮ್ಮ ಯಜಮಾನ್ರು ನಿಮ್ಮ ವಾಯ್ಸ್ ಮೆಸೇಜೆಲ್ಲ ಕೇಳಿ ಇಸ್ಕೊಂಡು ಹೋದ್ರು" ಎಂದರು. ಅವನು ಕೆಲಸ ಮುಗಿಸಿ ಮನೆಗೆ ಬಂದಾಗ ಅವಳು ಅಡುಗೆಮನೆಯ ಮೇಜಿನ ಮುಂದೆ ನೋಟ್‌ಬುಕ್ ತೆರೆದು ಕೂತಿದ್ದಳು. 'ಎಲ್ಲಾ ಹೋಯ್ತಾ?' ಎಂದು ಮೊದಲೇ ಬರೆದಿತ್ತು.

"ಹೋಯ್ತು. ನನ್ನ ಕೈಯಿಂದ್ಲೇ ಹೋಯ್ತು."

ಅವಳು ಬಾಯಿ ತೆರೆದಳು. ಕತ್ತಿನ ತೂತಿನಿಂದ ಗಾಳಿ ಬುಸ್ಸೆಂದು ಹೊರಬಿತ್ತು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುವುದಕ್ಕೂ ದನಿ ಇರಲಿಲ್ಲ. ಹೆಗಲು ಅಲುಗುವುದು ಮಾತ್ರ ಕಾಣುತ್ತಿತ್ತು.

ಕೊನೆಗೆ ಪೆನ್ನು ತೆಗೆದುಕೊಂಡಳು. 'ಕೊನೇ ದಿನ ನಿಮಗೂ ಒಂದು ಹೇಳಿಟ್ಟಿದ್ದೆ. ನೋಡಿದ್ರಾ?'

ಅವನು ನೋಡಿರಲಿಲ್ಲ. ಎಲ್ಲವೂ ಮಗಳಿಗೆ ಎಂದುಕೊಂಡಿದ್ದ.

"ಇಲ್ಲ" ಎಂದ. "ಏನು ಹೇಳಿದ್ದೆ?"

ಅವಳು ಬರೆದಳು, ಹೊಡೆದು ಹಾಕಿದಳು. ಹೊಸ ಸಾಲಿನಲ್ಲಿ ಮತ್ತೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಅವನು ಬಗ್ಗಿ ಓದಲು ನೋಡಿದ. ಅವಳು ಪುಟವನ್ನು ಅಂಗೈಯಿಂದ ಮುಚ್ಚಿ, ಬೇಡವೆಂದು ತಲೆಯಾಡಿಸಿ, ನೋಟ್‌ಬುಕ್ ಮಡಚಿ ಬದಿಗಿಟ್ಟು ಮಗಳಿಗೆ ಊಟ ಬಡಿಸಲು ಎದ್ದಳು.